ಫಕೀರಪ್ಪನ ಹರಿವುಚೀಲ

ಇನ್ನೂರು ಹೆಜ್ಜೆ ನಡೆಯುವಷ್ಟರಲ್ಲಿ ಫಕೀರಪ್ಪನ ಎಡಗಾಲಿನ ಹರಿವುಚೀಲ ಮೆಲ್ಲಗೆ ಕಂಪಿಸಿತು. ನಿಲ್ಲು ಎಂದು ಅದರ ಅರ್ಥ. ಮೊಣಕಾಲಿನವರೆಗೆ ತೊಡುವ ಈ ಕಾಲುಚೀಲದ ಎಳೆಗಳಿಂದ ಹೊಮ್ಮುವ ಬೆಳಕು ಚರ್ಮದೊಳಗೆ ಇಳಿದು, ರಕ್ತ ಎಷ್ಟು ಹರಿಯುತ್ತಿದೆ ಎಂದು ಅಳೆದು ಆಸ್ಪತ್ರೆಗೆ ತಿಳಿಸುತ್ತಿತ್ತು. ಆಗಿನ್ನೂ ಅದು ಹೊಸದು. ಗದಗಿನಲ್ಲಿ ತೊಟ್ಟವರು ಒಂಬತ್ತೇ ಜನ.

ನಲವತ್ತು ವರ್ಷ ನಿಂತೇ ಕ್ಷೌರ ಮಾಡಿದ ಫಕೀರಪ್ಪನಿಗೆ ನಡೆದರೆ ಮೀನಖಂಡ ಹಿಂಡಿದಂತಾಗುತ್ತಿತ್ತು, ನಿಂತರೆ ನೋವು ಇಳಿಯುತ್ತಿತ್ತು. ವಯಸ್ಸಾಯಿತು ಎಂದುಕೊಂಡಿದ್ದ.

“ವಯಸ್ಸಲ್ಲರೀ, ಕಾಲಿನ ರಕ್ತನಾಳ ಕಿರಿದಾಗ್ಯಾವ,” ಎಂದಿದ್ದರು ಚೀಲವನ್ನು ರೂಪಿಸಿದ ಡಾ. ಸುಮನಾ ಕಟ್ಟಿ. “ಬೀಡಿ ಬಿಡ್ರಿ, ಗುಳಿಗಿ ತಪ್ಪಿಸಬ್ಯಾಡ್ರಿ. ದಿನಾ ನೋವು ಬರೂತನಕ ನಡೀರಿ, ನಿಂದರ್ರಿ, ಮತ್ತ ನಡೀರಿ. ಸಣ್ಣ ನಾಳಗಳು ಹೊಸ ಹಾದಿ ಮಾಡ್ಕೋತಾವ.”

ಚೀಲ ದಿನಾ ನಿಲ್ಲಿಸುತ್ತಿದ್ದ ಜಾಗ ಮಾತ್ರ ದರ್ಜಿ ಇಮಾಮಸಾಬನ ಅಂಗಡಿಯ ಬಾಗಿಲು. ತನ್ನ ಮಗಳ ಮದುವೆಯ ಬಟ್ಟೆಯನ್ನು ಫಕೀರಪ್ಪ ಬೇರೆಯವರಿಗೆ ಹೊಲಿಯಲು ಕೊಟ್ಟ ಮುನಿಸಿಗೆ ಗೆಳೆಯರಿಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ವಾರವಿಡೀ ಫಕೀರಪ್ಪ ರಸ್ತೆಯತ್ತ ಮುಖ ಮಾಡಿ ನಿಂತ. ಎಂಟನೆಯ ದಿನ ಒಳಗಿನಿಂದ ಸ್ಟೂಲು ಹೊರಬಂತು.

“ಕುಂದರೋ. ನೀ ಬಾಗಲಾಗ ನಿಂತ್ರ ಗಿರಾಕಿ ಒಳಗ ಹ್ಯಾಂಗ ಬರ್ತಾರ?”

ಮೂರು ತಿಂಗಳಲ್ಲಿ ಫಕೀರಪ್ಪ ಒಂದೇ ಉಸಿರಿಗೆ ಸಾವಿರ ಹೆಜ್ಜೆ ನಡೆಯುವಂತಾದ. ಆದರೂ ಆ ಸ್ಟೂಲು ಬಿಡಲಿಲ್ಲ.

ಒಂದು ಬೆಳಿಗ್ಗೆ ಸುಮನಾ ಆಸ್ಪತ್ರೆಯ ಕಂಪ್ಯೂಟರ್ ಪರದೆ ನೋಡಿ ಬೆಚ್ಚಿದರು. ಫಕೀರಪ್ಪನ ಸುಧಾರಿಸಿದ್ದ ಕಾಲಿನಲ್ಲಿ ಹರಿವು ಇಲ್ಲವೆನ್ನುವಷ್ಟು ಕುಸಿದಿತ್ತು. ಚೀಲ ಇರುವುದಾಗಿ ಪರದೆ ತೋರಿಸಿದ ಜಾಗಕ್ಕೆ ಆಂಬುಲೆನ್ಸ್ ಹತ್ತಿ ಧಾವಿಸಿದರು. ಅದು ದರ್ಜಿಯ ಅಂಗಡಿ. ಒಳಗೆ ಫಕೀರಪ್ಪ ಬರಿಗಾಲಲ್ಲಿ ನಿಂತಿದ್ದ. ಹರಿವುಚೀಲ ಇಮಾಮಸಾಬನ ಕಾಲಲ್ಲಿತ್ತು.

“ತಪ್ಪಾತ್ರೀ ಡಾಕ್ಟರ್,” ಎಂದ ಫಕೀರಪ್ಪ. “ಸಕ್ಕರಿ ಬ್ಯಾನಿ ಇವಗ. ಬೆರಳಿನ ಗಾಯ ಎರಡು ತಿಂಗಳಾತು, ಮಾಯವಲ್ದು. ಪಾದ ಮುಟ್ಟಿದ್ರ ತಣ್ಣಗ. ದವಾಖಾನಿಗೆ ಬಾ ಅಂದ್ರ ಬರವಲ್ಲ. ನನ್ನ ಕಾಲು ಕೆಟ್ಟೈತಿ ಅಂತ ತಿಳದ್ರ ನೀವ ಓಡಿ ಬರ್ತೀರಿ ಅನಿಸ್ತು.”

“ಕಾಲು ಕತ್ತರಿಸಿದ್ರ ಹೊಲಿಗಿ ಮಷೀನ್ ಹ್ಯಾಂಗ ತುಳೀಲಿ?” ಇಮಾಮಸಾಬ ಕೇಳಿದ.

ಸುಮನಾ ನೆಲಕ್ಕೆ ಕುಳಿತು ಅವನ ಪಾದದಲ್ಲಿ ನಾಡಿ ಹುಡುಕಿದರು. ಸಿಗಲಿಲ್ಲ. “ತಡಾ ಮಾಡಿದ್ರ ಕತ್ತರಿಸಬೇಕಾಗ್ತದ. ಈಗ ಬರ್ರಿ.”

ಇಮಾಮಸಾಬ ಆಂಬುಲೆನ್ಸ್ ಹತ್ತಿದ, ಫಕೀರಪ್ಪನೂ ಜೊತೆಗೆ ಹತ್ತಿದ. ಅಂದೇ ಆಸ್ಪತ್ರೆಯಲ್ಲಿ, ಇಮಾಮಸಾಬನ ಕಾಲಿನ ಮುಚ್ಚಿದ ನಾಳದೊಳಗೆ ಪುಟ್ಟ ಬಲೂನು ಹಾಯಿಸಿ ತೆರೆದರು. ಒಂದು ಬೆರಳು ಹೋಯಿತು, ಪಾದ ಉಳಿಯಿತು.

ಮುಂದಿನ ಮಾದರಿಯಲ್ಲಿ ಒಬ್ಬರ ಚೀಲ ಇನ್ನೊಬ್ಬರ ಕಾಲಲ್ಲಿ ಕೆಲಸ ಮಾಡದಂತೆ ತಡೆ ಇಡಬೇಕೆಂದು ಸುಮನಾ ಅವರ ಸಹೋದ್ಯೋಗಿಗಳು ಸೂಚಿಸಿದರು.

ಸುಮನಾ ಒಪ್ಪಲಿಲ್ಲ.