ಮೇಣ ಹಾಕಿದ ಕೊಂಬು

ಕೊಂಬಿಗೆ ಮೆತ್ತಿದ ಮೇಣ ತೆಗೆಯಬೇಡಿ ಎಂದು ಜಯಲಕ್ಷ್ಮಮ್ಮ ಮೂರು ಸಲ ಹೇಳಿದಳು. ರಘುನಂದನ್ ಮೂರು ಸಲವೂ ನಕ್ಕ.

ನಗದೆ ಇನ್ನೇನು ಮಾಡಿಯಾನು? ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿ, ಪಾಂಡವಪುರದಲ್ಲಿ ಕ್ಲಿನಿಕ್ಕು ತೆರೆದು ಇನ್ನೂ ಆರು ತಿಂಗಳಾಗಿರಲಿಲ್ಲ. ಕಬ್ಬು ಕಡಿದು ಸೊಂಟ ಹಿಡಿದವರು, ಟ್ರಾಕ್ಟರಿನಿಂದ ಬಿದ್ದು ಭುಜ ಜಾರಿದವರು ದಿನವೂ ಬರುತ್ತಿದ್ದರು. ಹಳೇ ಕಾಲದ ಚಿಕಿತ್ಸೆಯ ಸಾಮಾನುಗಳನ್ನು ಗಾಜಿನ ಬೀರುವಿನಲ್ಲಿ ಜೋಡಿಸಿಡುವ ಹುಚ್ಚು ಅವನಿಗೆ. ಹಿಡಿ ತಿರುಗಿಸಿದರೆ ಮೈಗೆ ಕರೆಂಟು ಕೊಡುವ ಮರದ ಪೆಟ್ಟಿಗೆ, ಮೂಳೆ ಕಟ್ಟುವ ಬಿದಿರಿನ ದಬ್ಬೆ, ಕತ್ತು ಎಳೆಯುವ ಚರ್ಮದ ಪಟ್ಟಿ ಎಲ್ಲಾ ಇದ್ದವು. ಕೆಟ್ಟ ರಕ್ತ ಹೀರುವ ಕೊಂಬು ಮಾತ್ರ ಇರಲಿಲ್ಲ. ಅದನ್ನು ಹುಡುಕಿಕೊಂಡೇ ಕ್ಯಾತನಹಳ್ಳಿಗೆ ಬಂದಿದ್ದ.

ಜಯಲಕ್ಷ್ಮಮ್ಮನ ತಾಯಿ ಮಾರಮ್ಮ ಕೊಂಬು ಹಾಕುವುದರಲ್ಲಿ ಹೆಸರಾಗಿದ್ದವಳು. ನೋವಿದ್ದ ಕಡೆ ಕೊಂಬಿನ ಅಗಲದ ಬಾಯಿ ಒತ್ತಿ, ತುದಿಯ ತೂತಿನಿಂದ ಗಾಳಿ ಎಳೆದು, ದವಡೆಯಲ್ಲಿಟ್ಟುಕೊಂಡ ಮೇಣವನ್ನು ನಾಲಿಗೆಯಿಂದಲೇ ತೂತಿಗೆ ಮೆತ್ತುತ್ತಿದ್ದಳು. ಊಟದಲ್ಲಿ ಯಾರಾದರೂ ಮಾಟದ ಮದ್ದು ಹಾಕಿದ್ದರೆ ಅದನ್ನೂ ಹೊಟ್ಟೆಯ ಮೇಲಿಂದ ಎಳೆದು ಉಗಿಯುತ್ತಿದ್ದಳಂತೆ. ಕೊನೆಯ ಸಲ ಎಳೆದದ್ದು ಚಿಕ್ಕಯ್ಯನೆಂಬವನಿಗೆ ದಾಯಾದಿಗಳು ತಿನ್ನಿಸಿದ ಮದ್ದನ್ನು. ಅದು ಬಾಯಿಗೆ ಬರದೆ ಕೊಂಬಿನಲ್ಲೇ ಉಳಿದುಬಿಟ್ಟಿತು. ಮಾರಮ್ಮ ಕೊಂಬಿನ ಎರಡೂ ಬಾಯಿಗೆ ಮೇಣ ಮೆತ್ತಿ ತೊಲೆಗೆ ಸಿಕ್ಕಿಸಿದಳು. ಒಂಬತ್ತನೇ ದಿನಕ್ಕೆ ನಾಲಿಗೆ ಕಪ್ಪಾಗಿ ಸತ್ತಳು.

ಈಗ ಮಾರಮ್ಮನ ಆ ಹಳೇ ಮನೆ ಕೆಡವುತ್ತಿದ್ದರು. ಕೊಂಬನ್ನು ನಾಲೆಗೆ ಬಿಟ್ಟರೆ ದನಕರು ಆ ನೀರು ಕುಡಿಯುತ್ತವೆ, ಹೂತರೆ ಯಾರದೋ ನೇಗಿಲಿಗೆ ಸಿಗುತ್ತದೆ ಎಂದು ಜಯಲಕ್ಷ್ಮಮ್ಮ ಹೆದರಿದ್ದಳು. ಬೀಗ ಹಾಕುವ ಬೀರು ಎಂದು ಕೇಳಿದ ಮೇಲೆ ಕೊಡಲು ಒಪ್ಪಿಕೊಂಡಳು.

“ನೋಡಕ್ಕೆ ಮಡಿಕಳಿ ಸಾ, ಬ್ಯಾಡ ಅನ್ನಕಿಲ್ಲ. ಒಳಗಿರೋದು ಸತ್ತಿಲ್ಲ. ಅದಕ್ಕೊಂದು ಮೈ ಬೇಕು,” ಎಂದಳು.

“ಬೇಕಾದ್ರೆ ಎಕ್ಸ್‌ರೇ ತೆಗೆದು ನೋಡ್ತೀನಿ ಬಿಡಮ್ಮ,” ಎಂದ ರಘುನಂದನ್.

ಬೇಲಿ ಮೇಲೆ ಹೋಗುವ ಓತಿಕ್ಯಾತನನ್ನು ಹೆಗಲ ಮೇಲೆ ಬಿಟ್ಟುಕೊಳ್ಳುವವರು ಓದಿದವರಲ್ಲೇ ಜಾಸ್ತಿ. ಆ ಭಾನುವಾರ ಮಧ್ಯಾಹ್ನ ಅವನು ಹೆಂಡತಿ ಸಹನಳನ್ನು ಕ್ಲಿನಿಕ್ಕಿಗೆ ಕರೆತಂದ. ಅವಳು ಶಾಲೆಯ ಟೀಚರು, ಉತ್ತರಪತ್ರಿಕೆ ತಿದ್ದಿ ತಿದ್ದಿ ಬಲಭುಜ ಹಿಡಿದುಕೊಂಡಿತ್ತು. ಹಳೇ ಪದ್ಧತಿಯಲ್ಲೇ ಗುಣಮಾಡಿ ಎಲ್ಲರಿಗೂ ತೋರಿಸಬೇಕೆಂಬ ಆಸೆ ಅವನದು. ಕೊಂಬು ಬೇಡ ಎಂದು ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಶಟರು ಅರ್ಧ ಇಳಿಸಿ, ಬಿಸಿ ಮಾಡಿದ ಚಾಕುವಿನಿಂದ ಮೇಣ ಕೆರೆದ.

ಒಳಗೆ ಏನೂ ಇರಲಿಲ್ಲ. ವಾಸನೆ ಮಾತ್ರ. ಹೊರಗಿನ ಆಲೆಮನೆಯಿಂದ ಬರುತ್ತಿದ್ದ ಬೆಲ್ಲದ ಪಾಕದ ಘಮವನ್ನೇ ನುಂಗಿಹಾಕುವಂಥ ಹಳೇ ರಕ್ತದ ನಾತ. ಜೊತೆಗೆ ಯಾರೋ ಮುಖದ ಹತ್ತಿರವೇ ಉಸಿರು ಬಿಟ್ಟಷ್ಟು ಬಿಸಿ. ಕೊಂಬನ್ನು ಕುದಿಸಿದ, ಸ್ಪಿರಿಟ್ಟಿನಲ್ಲಿ ಒರೆಸಿದ. ಅಷ್ಟು ಸಾಕೆಂದುಕೊಂಡ.

ಭುಜಕ್ಕೆ ಒತ್ತಿ ಗಾಳಿ ಎಳೆದು ಹೊಸ ಮೇಣ ಮೆತ್ತಿದ. ಕೊಂಬು ಸರಿಯಾಗೇ ನಿಂತಿತು. ಸ್ವಲ್ಪ ಹೊತ್ತಿಗೆ ಸಹನ ಉರಿ ಎಂದಳು. ಆಮೇಲೆ ಕೂಗಿದಳು. ಅವನು ಸೂಜಿಯಿಂದ ಮೇಣ ಚುಚ್ಚಿದ. ಗಾಳಿ ಒಳಹೋದರೆ ಕೊಂಬು ತಾನೇ ಬೀಳಬೇಕು. ಬೀಳಲಿಲ್ಲ. ಕೊಂಬು ಉಸಿರೆಳೆದುಕೊಂಡಿತು.

ಚೀಪುವ ಸದ್ದು ಶುರುವಾಯಿತು. ಭುಜದ ಮಾಂಸ ಉಬ್ಬಿ ಕೊಂಬಿನೊಳಗೆ ಏರಿತು. ಅವನು ಹಿಡಿದು ಜಗ್ಗಿದ. ಕತ್ತಿನ ಕೆಳಗಿನ ಮೂಳೆ ಲಟ್ಟೆಂದು ಮುರಿಯಿತು. ಸಹನಳ ಬಲಗೈ ಗಾಣಕ್ಕೆ ಸಿಕ್ಕ ಕಬ್ಬಿನಂತೆ ಬೆರಳ ತುದಿಯಿಂದ ಸೊರಗತೊಡಗಿತು. ಚಾಕು ತೆಗೆದುಕೊಂಡು ಸುತ್ತಲ ಮಾಂಸ ಕೊಯ್ದ. ರಕ್ತ ಅವನ ಮುಖಕ್ಕೆ ಚಿಮ್ಮಿತು. ಕೊಂಬು ಆ ಗಾಯದೊಳಗೇ ಇನ್ನೊಂದು ಬೆರಳಷ್ಟು ಇಳಿಯಿತು.

ರಕ್ತದ ಕೈಯಲ್ಲೇ ಜಯಲಕ್ಷ್ಮಮ್ಮನಿಗೆ ಫೋನು ಮಾಡಿದ. ಸಹನಳ ಕೂಗು ಅವಳಿಗೂ ಕೇಳಿಸಿರಬೇಕು.

“ನಮ್ಮವ್ವ ಉಗಿಯಾಕೆ ಎಳುದ್ಲು, ಅದ್ಕೇ ಬರ್ನಿಲ್ಲ. ನುಂಗಾಕೆ ಎಳುದ್ರೆ ಬತ್ತದೆ ಸಾ. ಆದ್ರೆ ನುಂಗ್ದೋನು ಮನುಸ ಆಗಿ ಉಳಿಯಕಿಲ್ಲ,” ಎಂದಳು.

ಸುಳ್ಳು ಹೇಳಬಾರದು, ಅವನು ಹಿಂಜರಿದ. ಪ್ರಾಣ ಯಾರಿಗೆ ಬೇಡ? ಅಷ್ಟರಲ್ಲಿ ಸಹನಳ ಕೂಗು ನಿಂತಿತು. ತುಟಿ ನೀಲಿಯಾಗಿತ್ತು. ಅವನು ಮೇಣ ಕಿತ್ತೆಸೆದು ಕೊಂಬಿನ ತುದಿಗೆ ಬಾಯಿಟ್ಟ. ಎಳೆದ. ಬಿಸಿಯಾದ, ದಪ್ಪನೆಯ, ಕೂದಲಿರುವಂಥ ಏನೋ ಗಂಟಲಿಗೆ ಬಂತು. ಕಣ್ಣು ಮುಚ್ಚಿ ನುಂಗಿದ.

ಕೊಂಬು ಕೆಳಗೆ ಬಿತ್ತು. ಸಹನಳಿಗೆ ಉಸಿರು ಬಂತು. ರಘುನಂದನ್ ಅಳುತ್ತಾ ಹತ್ತಿಯ ಉಂಡೆ ತಂದು ಅವಳ ಗಾಯದ ಮೇಲೆ ಬಗ್ಗಿದ. ಅವನ ಬಾಯಲ್ಲಿ ನೀರೂರಿತು. ಹತ್ತಿ ಬಿತ್ತು. ತುಟಿ ಗಾಯಕ್ಕೆ ತಾಗಿತು. ಒಂದು ಗುಟುಕು. ಎರಡು. ಸಹನ ಚೀರಿದಳು. ಅವನು ತಲೆಯನ್ನು ಗೋಡೆಗೆ ಬಡಿದುಕೊಂಡ. ಮತ್ತೆ ಬಡಿದುಕೊಂಡ. ಹಲ್ಲು ಉದುರಿತು. ಅವಳನ್ನು ಕಾಲಿನಿಂದಲೇ ತಳ್ಳಿ ಬೀದಿಗೆ ಹಾಕಿದ. ಶಟರು ಎಳೆದ. ಒಳಗಿನಿಂದ ಬೀಗ ಬಿತ್ತು.

“ರೀ, ಬಾಗಿಲು ತೆಗೀರಿ,” ಎಂದು ಅವಳು ಎಡಗೈಯಿಂದ ಶಟರು ಬಡಿದಳು.

“ತೆಗೀಬೇಡ ಸಹನ. ಹಸೀತಿದೆ,” ಎಂಬ ಮಾತು ಬಂತು. ಆಮೇಲೆ ಚೀಪುವ ಸದ್ದು.

ಜನ ಸೇರಿದರು. ಗಡಾರಿ ತಂದು ಮೀಟಿ ಶಟರನ್ನು ಎತ್ತಿದರು. ಅವನು ಮೂಲೆಯಲ್ಲಿ ಕೂತಿದ್ದ. ತನ್ನದೇ ಎಡಗೈಯನ್ನು ಬಾಯಿಗಿಟ್ಟುಕೊಂಡಿದ್ದ. ಮೊಣಕೈವರೆಗೆ ಮಾಂಸವಿರಲಿಲ್ಲ, ಚರ್ಮ ಮೂಳೆಗೆ ಅಂಟಿತ್ತು. ಜೀವವಿತ್ತು. ಸಹನ ಒಳಗೆ ಒಂದು ಹೆಜ್ಜೆ ಇಟ್ಟಳು. ಅವಳ ಭುಜದ ರಕ್ತ ನೋಡಿ ಅವನ ಮೈ ಇಡೀ ನಡುಗಿತು. ಕಣ್ಣಲ್ಲಿ ನೀರು ಧಾರಾಕಾರವಾಗಿ ಸುರಿಯಿತು. ಬಾಯಿ ಮಾತ್ರ ಬಿಡಲಿಲ್ಲ. ಮೊಣಕೈ ದಾಟಿ ಇನ್ನೂ ಮೇಲಕ್ಕೆ ಕಚ್ಚಿಕೊಂಡ.

ಬಿಟ್ಟರೆ ಆ ಬಾಯಿ ಎಲ್ಲಿಗೆ ಬರುತ್ತದೆಂದು ಅವಳಿಗೆ ಗೊತ್ತಾಯಿತು. ಯಾರೋ ಆಂಬುಲೆನ್ಸು ಎಂದರು, ಯಾರೋ ಪೊಲೀಸು ಎಂದರು. ಸಹನ ಹಿಂದಕ್ಕೆ ಸರಿದು, ಶಟರು ಇಳಿಸಿ ಎಂದಳು.