ಐಸ್ ಪೆಟ್ಟಿಗೆಯ ಕಂಬಿ

ಎಮೆಟ್ ಮೊದಲ ಸಲ ಕೋರಾಳನ್ನು ನೋಡಿದಾಗ ಅವಳ ತಲೆ ಫ್ರೀಜರಿನ ಒಳಗಿತ್ತು.

ಅಲಬಾಮಾದ ಜುಲೈ ಬಿಸಿಲು. ಫ್ರಿಜ್ಜಿನ ಐಸ್ ಯಂತ್ರ ಕೈಕೊಟ್ಟಿತ್ತು. ಅಜ್ಜಿ ಬರ್ನೀಸ್ ವರಾಂಡದಲ್ಲಿ ಕೂತು ಬೀದಿಗೆಲ್ಲ ಕೇಳುವಂತೆ ಗೊಣಗುತ್ತಿದ್ದಳು. ಅಲ್ಲಿ ಸಿಹಿ ಟೀ ಕುಡಿಯುವುದೇ ಐಸ್ ಹಾಕಿಕೊಂಡು; ಐಸಿಲ್ಲದ ಟೀ ಅವಳ ಪಾಲಿಗೆ ಕಷಾಯ.

"ನೀರು ಬರೋ ಪೈಪ್ ನೋಡಿದ್ರಾ?"

ಹಿಂದಿನಿಂದ ಗಂಡು ದನಿ. ಕೋರಾ ಬೆಚ್ಚಿ ತಲೆಯೆತ್ತಿದಳು. ಹಣೆ ಠಣ್ಣೆಂದು ಬಡಿಯಿತು.

"ಯಾರ್ರೀ ನೀವು? ಹೇಳದೆ ಕೇಳದೆ ಅಡುಗೆಮನೆಗೇ ಬಂದಿದ್ದೀರಲ್ಲ?"

"ಪಕ್ಕದ ಮನೆಗೆ ಹೊಸಬ. ನಿಮ್ಮಜ್ಜಿ ಪೀಚ್ ಪೈ ಕಳಿಸಿದ್ರು. ಪಾತ್ರೆ ಕೊಡೋಕೆ ಬಂದೆ. ಅವರೇ ಒಳಗೆ ಹೋಗು ಅಂದ್ರು."

ಖಾಲಿ ಪಾತ್ರೆ ಹಿಂದಿರುಗಿಸಬಾರದೆಂದು ಅದರ ತುಂಬ ಟೊಮೆಟೊ ತಂದಿದ್ದ.

ಎಮೆಟ್ ಶಾಲೆಯಲ್ಲಿ ಬ್ಯಾಂಡ್ ಕಲಿಸುವ ಮೇಷ್ಟ್ರು. ರಿಪೇರಿ ಅವನಿಗೆ ಅಷ್ಟಕ್ಕಷ್ಟೇ. ಆದರೂ ಫ್ರಿಜ್ ಮುಂದಕ್ಕೆಳೆದು ನೋಡಿದ. ನೀರಿನ ಪೈಪು ಗೋಡೆಗೆ ಸಿಕ್ಕಿ ಮಡಚಿಕೊಂಡಿತ್ತು. ಅದನ್ನು ಬಿಡಿಸಿ, ಹೊರಡುವ ಮುಂಚೆ ಫ್ರೀಜರಿನೊಳಗೆ ಬೆರಳು ತೋರಿಸಿದ.

"ಈ ಕಂಬಿ ನೋಡಿ. ಪೆಟ್ಟಿಗೆ ತುಂಬಿದ್ರೆ ಐಸೇ ಇದನ್ನ ಮೇಲೆ ತಳ್ಳುತ್ತೆ, ಯಂತ್ರ ನಿಲ್ಲುತ್ತೆ. ಅಪ್ಪಿತಪ್ಪಿ ನೀವೇ ಮೇಲೆತ್ತಿದ್ರೂ ಅಷ್ಟೇ, ಒಂದು ತುಂಡೂ ಬೀಳಲ್ಲ."

ಹೇಳಬಾರದಿತ್ತು. ಕೋರಾಳ ಮನಸ್ಸಿನಲ್ಲಿ ಉಳಿದದ್ದು ಅದೊಂದೇ ಮಾತು.

ಮರುದಿನ ಐಸ್ ಧಡಧಡ ಬಿತ್ತು. ಅಜ್ಜಿಯ ಮುಖ ಅರಳಿತು. ಕೋರಾಳ ಮುಖ ಬಾಡಿತು.

'ಇನ್ನು ಅವನು ಯಾಕೆ ಬರ್ತಾನೆ...'

ಅವಳ ಕೈ ತಾನಾಗಿಯೇ ಕಂಬಿ ಎತ್ತಿತು. ಒಂದೇ ಒಂದು ಸಲ ಎಂದುಕೊಂಡಳು. ಆಮೇಲೆ ಅದೇ ಚಟವಾಯಿತು. ಶನಿವಾರ ಅವನು ಸರಿಮಾಡಿ ಹೋದರೆ ಸೋಮವಾರ ಕಂಬಿ ಮತ್ತೆ ಮೇಲೆ. ಅವನು ಫಿಲ್ಟರ್ ಬದಲಿಸಿದ, ನೀರಿನ ನಲ್ಲಿ ತಿರುವಿ ನೋಡಿದ, ಫ್ರೀಜರಿನ ತಂಪು ಅಳೆದ. ಕೆಲಸ ಮಾಡುತ್ತಲೇ ಅಪಸ್ವರದಲ್ಲಿ ಕಹಳೆ ಊದುವ ಮಕ್ಕಳ ಕತೆ ಹೇಳಿದ. ಮದುವೆ ಮುರಿದು ಅಜ್ಜಿಯ ಮನೆ ಸೇರಿದ ಮೇಲೆ ನಗುವುದನ್ನೇ ಮರೆತಿದ್ದವಳು ಹೊಟ್ಟೆ ಹಿಡಿದು ನಕ್ಕಳು. ಅವನೆಂದರೆ ಅವಳಿಗೆ ಪ್ರಾಣವಾಗಿತ್ತು. ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಒಂದು ಸಂಜೆ ಕೋರಾ ಕೆಲಸದಿಂದ ಬಂದಾಗ ವರಾಂಡದಿಂದ ಅವನ ಮಾತು ಕೇಳಿಸಿತು.

"ಅಜ್ಜಿ, ಈ ರಿಪೇರಿ ನನಗೆ ಸಾಕಾಗಿಹೋಗಿದೆ. ಹೊಸ ಫ್ರಿಜ್ ತಗೊಂಡ್ಬಿಡಿ."

"ಆಗಲೇ ಅಂಗಡಿಗೆ ಹೇಳಿದೀನಪ್ಪ. ಶನಿವಾರ ಬರುತ್ತೆ."

ಕೋರಾ ಸದ್ದಿಲ್ಲದೆ ಹಿತ್ತಲ ಬಾಗಿಲ ಕಡೆ ತಿರುಗಿದಳು. ಸಾಕಾಗಿದೆಯಂತೆ. ತಾನೇ ಅವನಿಗೆ ಸಾಕಾಗಿರಬೇಕು... ಅಂದು ಅವಳಿಗೆ ಊಟ ಸೇರಲಿಲ್ಲ.

ಶನಿವಾರ ಬೆಳಗ್ಗೆ ಅವಳೇ ಹೋಗಿ ಕಂಬಿ ಇಳಿಸಿದಳು. ಆಟ ಮುಗಿದಿತ್ತು.

ಆಗ ಮುಂಬಾಗಿಲು ಬಡಿದ ಸದ್ದು. ಯಾವಾಗಲೂ ಹಿತ್ತಲ ಬಾಗಿಲಿಂದ ಬರುತ್ತಿದ್ದ ಎಮೆಟ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ಹತ್ಯಾರದ ಪೆಟ್ಟಿಗೆ ಇರಲಿಲ್ಲ. ಕೈಯಲ್ಲಿ ಅಂಗಡಿಯ ಐಸ್ ಚೀಲ ತೊಟ್ಟಿಕ್ಕುತ್ತಿತ್ತು.

"ಇವತ್ತು ರಿಪೇರಿ ಇಲ್ಲ," ಅಂದಳು ಮುಖ ನೋಡದೆ. "ನಿಮಗೆ ಬಿಡುಗಡೆ."

"ಕೋರಾ, ಆ ಕಂಬಿ ಇಳಿಸೋಕೆ ಎಷ್ಟು ಹೊತ್ತು ಬೇಕು?"

ಅವಳ ಕಿವಿಯವರೆಗೂ ಕೆಂಪೇರಿತು. "ನಿಮಗೆ... ಗೊತ್ತಿತ್ತಾ?"

"ಎರಡನೇ ವಾರದಿಂದ. ಕಂಬಿ ಇಳಿಸಿ, ಉಳಿದ ಹೊತ್ತೆಲ್ಲ ಒಂದೇ ಸ್ಕ್ರೂ ಬಿಚ್ಚೋದು, ಹಾಕೋದು. ಪಾಪ, ಅದರ ತಲೆ ಸವೆದುಹೋಗಿದೆ."

"ಮತ್ತೆ ಅಜ್ಜಿ ಹತ್ರ ಸಾಕಾಗಿದೆ ಅಂದ್ರಿ?"

"ರಿಪೇರಿ ಸಾಕು ಅಂದೆ. ನೀನು ಸಾಕು ಅಂದ್ನಾ? ನಿನ್ನನ್ನ ಪ್ರೀತಿಸ್ತೀನಿ, ನಿನ್ನ ನೋಡೋಕೇ ಬಂದೆ ಅಂತ ಹೇಳ್ಕೊಂಡು ಮುಂಬಾಗಿಲಿಂದ ಬರೋ ಆಸೆ ಕಣೇ."

ಕೋರಾಳ ಕಣ್ಣು ತುಂಬಿ ಬಂತು. ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಅಜ್ಜಿಯ ದನಿ.

"ಬಾಗಿಲಲ್ಲೇ ನಿಂತು ಆ ಐಸ್ ಕರಗಿಸಬೇಡ್ರೋ. ಬೇಸಿಗೆಯೆಲ್ಲ ಬೆಚ್ಚಗಿನ ಟೀ ಕುಡಿದು ಸತ್ತಿದ್ದೀನಿ."

"ಅಜ್ಜೀ, ನಿಂಗೂ ಗೊತ್ತಿತ್ತಾ?"

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಊರಿಗೆ ಕಾಣಲ್ವಾ? ಆ ಕಂಬಿ ಇಳಿಸೋಣ ಅಂತ ಎಷ್ಟೋ ಸಲ ಹೋದೆ ಮಗಳೇ. ಶನಿವಾರ ನೀನು ನಗೋದು ನೆನಪಾಗಿ ಕೈ ಹಿಂದಕ್ಕೆ ಬಂತು."

ಕೋರಾ ಕಣ್ಣೊರೆಸಿಕೊಂಡಳು. "ಹೊಸ ಫ್ರಿಜ್ಜು?"

"ಯಾವ ಫ್ರಿಜ್ಜು? ದುಡ್ಡೇನು ಗಿಡದಲ್ಲಿ ಬಿಡುತ್ತಾ? ಹೆದರಿಕೊಂಡಾದ್ರೂ ಒಬ್ಬರು ಬಾಯಿ ಬಿಡಲಿ ಅಂತ ಸುಳ್ಳು ಹೇಳಿದೆ. ಐಸ್ ತಗೊಂಡ್ಬಾರೋ. ದೇವರು ನಿನ್ನ ಹೊಟ್ಟೆ ತಣ್ಣಗಿಟ್ಟಿರಲಿ."

ಅಜ್ಜಿ ಕೋರಾಳ ಕೈಯಿಂದ ಲೋಟದ ತುಂಬ ಐಸ್ ಹಾಕಿಸಿಕೊಂಡು ವರಾಂಡಕ್ಕೆ ಹೋದಳು. ಅಡುಗೆಮನೆಯಲ್ಲಿ ಇಬ್ಬರೇ ಉಳಿದರು.

"ನಾನೂ ನಿಮ್ಮನ್ನ..." ಕೋರಾ ತಡವರಿಸಿದಳು. "ಪ್ರೀತಿಸ್ತೀನಿ. ಪೈಪ್ ನೋಡಿದ್ರಾ ಅಂದ್ರಲ್ಲ, ಆ ದಿನದಿಂದ."

ಎಮೆಟ್ ನಕ್ಕ. "ಇನ್ನು ಏನೂ ಕೆಡದಿದ್ರೂ ಬರ್ತೀನಿ."

"ಆದ್ರೂ ಸೋಮವಾರ ಆಯ್ತು ಅಂದ್ರೆ ಕಂಬಿ ಎತ್ತದೆ ಈ ಕೈ ಸುಮ್ಮನಿರಲ್ಲ."

ಐಸ್ ಮುಟ್ಟಿ ಮರಗಟ್ಟಿದ್ದ ಆ ಕೈಯನ್ನು ಅವನು ತನ್ನೆರಡೂ ಅಂಗೈಯೊಳಗೆ ಮುಚ್ಚಿಕೊಂಡ.

"ಹಾಗಾದ್ರೆ ಇದು ನನ್ನ ಹತ್ರವೇ ಇರಲಿ."