ಹಳದಿ ಶರ್ಟಿನ ಬೆನ್ನು

“ಅಪ್ಪಾ, ಅವರು ಬಂದ್ರು! ಬಾವುಟದ ಮೇಡಂ!”

ಮಗಳು ಸಿಳ್ಳೆ ಅಷ್ಟು ಹೇಳಿದವಳೇ ಕೌಂಟರಿನ ಕೆಳಗೆ ನುಗ್ಗಿಬಿಟ್ಟಳು. ಅಲ್ಲಿ ಒಗೆಯಬೇಕಾದ ಬೆಡ್‌ಶೀಟುಗಳ ದೊಡ್ಡ ಗಂಟಿತ್ತು. ಅದರ ಹಿಂದೆ ಮುದುಡಿ ಕೂತಳು.

ಅಪ್ಪ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಬಾಗಿಲ ಕಡೆ ನೋಡಿದ. ಕೌಂಟರಿನ ಕೆಳಗೆ ಅವನ ಹೊಟ್ಟೆಯೊಂದಕ್ಕೇ ಜಾಗ ಸಾಲದು. ಸಾಲಾಗಿ ನೇತುಹಾಕಿದ್ದ ಕೋಟುಗಳ ನಡುವೆ ತೂರಿಕೊಂಡು ನಿಂತ.

ಲಾಂಡ್ರಿಯ ಮಾಲೀಕನೇ ತನ್ನ ಅಂಗಡಿಯಲ್ಲಿ ಕಳ್ಳನ ಹಾಗೆ ಅವಿತುಕೊಳ್ಳುವುದೇ? ಅದಕ್ಕೆಲ್ಲ ನಿನ್ನೆಯ ಫುಟ್‌ಬಾಲ್ ಮ್ಯಾಚೇ ಕಾರಣ.

ಅವರ ಬಡಾವಣೆಯದು ಕೆಂಪು ಟೀಮ್. ಅಪ್ಪ ಅಂಗಡಿಯಲ್ಲಿ “ಬನ್ನಿ ಸಾರ್, ಕೂತ್ಕೊಳಿ ಸಾರ್” ಎಂದು ಬೆಣ್ಣೆಯ ಹಾಗೆ ಮಾತಾಡುತ್ತಿದ್ದ. ಮ್ಯಾಚಿಗೆ ಹೋದನೋ, ಬೇರೆಯೇ ಮನುಷ್ಯ. ಅವನು ಕೂಗಿದರೆ ಪಕ್ಕದ ರಸ್ತೆಯ ನಾಯಿಗಳು ಎದ್ದು ಕೂರುತ್ತಿದ್ದವು. ಮಗಳೇನು ಕಡಿಮೆಯೇ? ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳೆಂದರೆ, ರೆಫರಿಯೇ ವಿಸಲ್ ಊದಿದರೆಂದು ಆಟಗಾರರು ನಿಂತುಬಿಡುತ್ತಿದ್ದರು. ಅದಕ್ಕೇ ಅವಳಿಗೆ ಆ ಹೆಸರು.

ನಿನ್ನೆ ಆಟ ಇನ್ನೇನು ಮುಗಿಯಬೇಕು, ಕೆಂಪು ಟೀಮ್ ಗೋಲ್ ಹೊಡೆಯಿತು. ಎಲ್ಲರೂ ಕುಣಿದಿದ್ದೇ ಕುಣಿದಿದ್ದು. ಬೇಕರಿ ಮಾಮ ಅಪ್ಪನನ್ನು ಎತ್ತಿಕೊಳ್ಳಲು ಹೋಗಿ ತನ್ನ ಸೊಂಟ ಹಿಡಿದುಕೊಂಡ. ಅಷ್ಟರಲ್ಲಿ ಗೆರೆಯ ಪಕ್ಕ ಬಾವುಟ ಹಿಡಿದು ಓಡಾಡುತ್ತಿದ್ದ ರೆಫರಿ, ಬಾವುಟ ಮೇಲೆತ್ತಿ ನಿಂತರು. ಆಫ್‌ಸೈಡ್! ಚೆಂಡು ಪಾಸ್ ಆಗುವ ಮೊದಲೇ ಕೆಂಪು ಟೀಮಿನ ಆಟಗಾರ ಎದುರಾಳಿಗಳನ್ನು ದಾಟಿ ನಿಂತಿದ್ದನಂತೆ. ಗೋಲ್ ಕ್ಯಾನ್ಸಲ್.

ಆ ರೆಫರಿ ಒಬ್ಬ ಹೆಂಗಸು. ಸರಿ, ಶುರುವಾಯಿತು ನೋಡಿ.

“ಕಣ್ಣು ಕಾಣಲ್ವಾ?”

“ಜಡೆ ಅಡ್ಡ ಬಂತೇನೋ!”

“ಅಡುಗೆಮನೇಲಿ ಹಾಲು ಉಕ್ತಾ ಇದೆ, ಓಡಮ್ಮಾ!”

ಗಂಡಸು ರೆಫರಿಗಳಿಗೂ ಬೈಗುಳ ತಪ್ಪಿದ್ದಲ್ಲ. ಆದರೆ ಅವರಿಗೆ ಬೈಯುವಾಗ ಕಣ್ಣಿಗಷ್ಟೇ ಬೈಯುತ್ತಿದ್ದರು. ಈ ಮೇಡಂಗೆ ಕಣ್ಣು, ಜಡೆ, ಅಡುಗೆಮನೆ ಎಲ್ಲಕ್ಕೂ ಬಿತ್ತು. ಅಪ್ಪ ಬೆಂಚಿನ ಮೇಲೆ ಹತ್ತಿ ಗಂಟಲು ಹರಿಯುವಂತೆ ಕೂಗಿದ: “ಮನೆಗೆ ಹೋಗಿ ಬಟ್ಟೆ ಒಗೀ ಹೋಗಮ್ಮಾ!”

ಜನ ಗೊಳ್ಳೆಂದು ನಕ್ಕರು. ಬೆಳಗಿನಿಂದ ಸಂಜೆಯವರೆಗೆ ಬಟ್ಟೆ ಒಗೆಯುವವನು ತಾನೇ ಎಂಬುದು ಆಗ ಅಪ್ಪನಿಗೆ ನೆನಪೇ ಇರಲಿಲ್ಲ.

ಸಿಳ್ಳೆಗೂ ಹುರುಪು ಬಂತು. ಕೈಯಲ್ಲಿ ಅರ್ಧ ತಿಂದ ದ್ರಾಕ್ಷಿ ಐಸ್‌ಕ್ಯಾಂಡಿ ಇತ್ತು. ಬೀಸಿ ಎಸೆದೇಬಿಟ್ಟಳು. ಪಚಕ್! ಮೇಡಂ ಹಾಕಿದ್ದ ಹಳದಿ ಶರ್ಟಿನ ಬೆನ್ನಿಗೆ ಸರಿಯಾಗಿ ಬಡಿಯಿತು. “ಭಲೇ ಸಿಳ್ಳೆ!” ಎಂದು ಬೇಕರಿ ಮಾಮ ಅವಳ ತಲೆ ಸವರಿದ.

ಈಗ ಅದೇ ಶರ್ಟು ಅವರದೇ ಲಾಂಡ್ರಿಯ ಕೌಂಟರಿನ ಮೇಲೆ ಬಂದು ಬಿದ್ದಿತ್ತು.

ಕೌಂಟರಿನಲ್ಲಿ ಕೂತಿದ್ದ ಅಜ್ಜಿಗೆ ಫುಟ್‌ಬಾಲೂ ಗೊತ್ತಿಲ್ಲ, ನಿನ್ನೆಯ ಕತೆಯೂ ಗೊತ್ತಿಲ್ಲ. ಕನ್ನಡಕ ಏರಿಸಿ ಶರ್ಟು ಬಿಡಿಸಿದಳು.

“ಅಮ್ಮಾ, ಈ ಕಲೆ ಹೋಗುತ್ತಾ?” ಎಂದರು ಮೇಡಂ. “ಬರೋ ಭಾನುವಾರ ಫೈನಲ್ ಇದೆ. ನನ್ನ ಅಳತೆದು ಇದೊಂದೇ ಇರೋದು. ಶರ್ಟ್ ಗಲೀಜಾಗಿದ್ರೆ ನನ್ನ ಬದಲು ಬೇರೆಯವರನ್ನ ನಿಲ್ಲಿಸ್ತಾರೆ. ಇಷ್ಟು ವರ್ಷಕ್ಕೆ ನನಗೆ ಸಿಕ್ಕಿರೋ ಮೊದಲನೇ ಫೈನಲ್ಲು.”

ಅಜ್ಜಿ ಕಲೆಯನ್ನು ಮೂಸಿದಳು. “ದ್ರಾಕ್ಷಿ ಐಸ್‌ಕ್ಯಾಂಡಿ. ಯಾವುದೋ ಮಗು ಎಸೆದಿರಬೇಕು. ಮನೇಲಿ ಬುದ್ಧಿ ಹೇಳೋರೇ ಇಲ್ಲ ಅನ್ಸುತ್ತೆ, ಪಾಪ!”

ಆಗಲೇ ಬೆಡ್‌ಶೀಟಿನ ಗಂಟು “ಆಕ್ಷೀ!” ಎಂದು ಸೀನಿತು.

“ಏನದು?” ಎಂದರು ಮೇಡಂ.

“ಬೆಕ್ಕು,” ಎಂದಿತು ಒಂದು ಕೋಟು.

ಮೇಡಂ ಆ ಕೋಟನ್ನೇ ಒಂದು ಗಳಿಗೆ ನೋಡಿದರು. “ಶನಿವಾರ ಸಂಜೆ ಬರ್ತೀನಿ ಅಮ್ಮಾ,” ಎಂದು ಹೊರಟುಹೋದರು.

ಅವರು ಮರೆಯಾಗುತ್ತಲೇ ಅಜ್ಜಿ ಬಕೆಟಿನಿಂದ ಸಿಳ್ಳೆಯ ನಿನ್ನೆಯ ಫ್ರಾಕನ್ನು ಎತ್ತಿದಳು. ಅದರ ಎದೆಯ ಮೇಲೂ ನೇರಳೆ ಹನಿಗಳು. ಫ್ರಾಕನ್ನು ಶರ್ಟಿನ ಪಕ್ಕ ಹರಡಿ ಸುಮ್ಮನೆ ನಿಂತಳು. ಬೆಕ್ಕು ಮೆಲ್ಲಗೆ ಹೊರಗೆ ಬಂತು. ಕೋಟೂ ಬಂತು.

“ನಮ್ಮ ಮನೆ ರೂಲ್ ಏನು?” ಎಂದಳು ಅಜ್ಜಿ.

“ಕಲೆ ಮಾಡಿದವರೇ ತೆಗೀಬೇಕು,” ಎಂದಳು ಸಿಳ್ಳೆ, ಕಾಲಿನ ಹೆಬ್ಬೆರಳು ನೋಡುತ್ತ.

“ಹಂಗಾದ್ರೆ ಇನ್ನೇನು ನೋಡ್ತೀಯಾ? ತೋಳು ಮಡಚು.”

“ಮಷಿನ್‌ಗೆ ಹಾಕೋಣ ಅಜ್ಜಿ, ಪ್ಲೀಸ್! ಬಿಸಿನೀರು ಬಿಟ್ರೆ ಐದು ನಿಮಿಷ...”

“ಬಿಸಿನೀರು ಹಾಕಿದ್ಯೋ, ಕಲೆ ಬಟ್ಟೇಲೇ ಮನೆ ಮಾಡಿಕೊಂಡು ಕೂತ್ಬಿಡುತ್ತೆ. ಆಮೇಲೆ ದೇವರು ಬಂದ್ರೂ ಹೋಗಲ್ಲ. ತಣ್ಣೀರು ಹಾಕು. ಒಳಗಡೆಯಿಂದ ತಿಕ್ಕು, ಮೆತ್ತಗೆ.”

ಸಿಳ್ಳೆ ತಿಕ್ಕಿದಳು. ನೇರಳೆ ಕಲೆ ನೀಲಿಯಾಯಿತು. ವಿನೆಗರ್ ಹಚ್ಚಿ ನೆನೆಸಿಟ್ಟು ಮಾರನೆಯ ದಿನ ತಿಕ್ಕಿದಳು. ನೀಲಿ ಬೂದಿಯಾಯಿತು. ಹೊರಗೆ ಗೆಳತಿಯರು ಆಡಲು ಕರೆದರು. “ಬರಲ್ಲ ಹೋಗ್ರೇ!” ಎಂದು ಗದರಿದಳು. ಕಲೆ ಹೋಗದಿದ್ದರೆ ಮೇಡಂಗೆ ಫೈನಲ್ ಇಲ್ಲ. ಅದನ್ನು ನೆನೆದಾಗಲೆಲ್ಲ ಅವಳು ಮತ್ತೆ ಬಕೆಟಿನ ಮುಂದೆ ಹೋಗಿ ಕೂರುತ್ತಿದ್ದಳು. ಊಟದ ಹೊತ್ತಿನಲ್ಲೂ ಅವಳ ಬೆರಳು ವಿನೆಗರ್ ನಾತ ಹೊಡೆಯುತ್ತಿತ್ತು.

ಶುಕ್ರವಾರ ಅಜ್ಜಿ ಶರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೂದಿ ಬಣ್ಣ ಹೋಗಿತ್ತು.

“ಹೋಯ್ತು! ಹೋಯ್ತು!” ಸಿಳ್ಳೆ ಕುಣಿದಳು. ಆಮೇಲೆ ಹತ್ತಿರ ಬಂದು ಬಗ್ಗಿ ನೋಡಿದಳು. “ಅಜ್ಜಿ, ಇದೇನು? ಇದು ನಂದಲ್ಲಪ್ಪ!”

ಬಟ್ಟೆಯಲ್ಲಿ ಅಲ್ಲಲ್ಲಿ ಮಾಸಲು ನೆರಳುಗಳಿದ್ದವು. ಬಿಸಿಲಿಗೆ ಹಿಡಿದರಷ್ಟೇ ಕಾಣುವಂಥವು. ಅಜ್ಜಿ ಬೆರಳಿಟ್ಟು ಹೇಳಿದಳು: “ಇದು ಕಾಫಿ. ಇದು ಟೊಮೇಟೊ ಸಾಸ್. ಇದು ಮೊಟ್ಟೆ ಇರಬೇಕು. ಹಳೇವು. ಪಾಪ, ಮನೇಲೇ ಒಗೆದು ಒಗೆದು ಸಾಕಾಗಿದೆ ಆ ಹುಡುಗಿಗೆ.”

ಸಿಳ್ಳೆ ಶರ್ಟನ್ನು ತಿರುಗಿಸಿದಳು. ಎದೆಯ ಮೇಲೆ ಒಂದೂ ಕಲೆಯಿಲ್ಲ. ಮತ್ತೆ ತಿರುಗಿಸಿದಳು. ಇದ್ದದ್ದೆಲ್ಲ ಬೆನ್ನಿನ ಮೇಲೆಯೇ.

ಅಪ್ಪ ಪಕ್ಕದಲ್ಲೇ ಪ್ಯಾಂಟೊಂದಕ್ಕೆ ಇಸ್ತ್ರಿ ಹಾಕುತ್ತಿದ್ದ. ಅವನೂ ನೋಡಿದ. ಒಂದು ಪ್ಯಾಂಟಿಗೇ ಬಹಳ ಹೊತ್ತು ಇಸ್ತ್ರಿ ತಿಕ್ಕುತ್ತಲೇ ಇದ್ದ.

ಶನಿವಾರ ಮೇಡಂ ಬಂದರು. ಸಿಳ್ಳೆಯ ಕಾಲು ಕೌಂಟರಿನ ಕೆಳಗೆ ಓಡೋಣ ಎಂದಿತು. ಓಡಲಿಲ್ಲ. ಶರ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. “ಮೇಡಂ, ಐಸ್‌ಕ್ಯಾಂಡಿ ಎಸೆದಿದ್ದು... ನಾನೇ. ಸಾರಿ ಮೇಡಂ.”

ಮೇಡಂ ಶರ್ಟನ್ನು ಹಿಂದೆ ಮುಂದೆ ನೋಡಿದರು. “ಓಹೋ, ಬೆಕ್ಕು ನೀನೇನಾ? ನೋವೇನೂ ಆಗಲಿಲ್ಲ ಬಿಡು. ಆದ್ರೆ ಬೆನ್ನಿಗೆ ಬಿದ್ದಾಗ ಐಸ್‌ಕ್ಯಾಂಡಿನೋ ಕಲ್ಲೋ ಅಂತ ಮೊದಲು ಗೊತ್ತಾಗಲ್ಲ ಕಣೇ. ಆಟದ ಮೇಲಿಂದ ಕಣ್ಣು ತೆಗೆದು ಹಿಂತಿರುಗಿ ನೋಡೋ ಹಾಗೂ ಇಲ್ಲ.”

ಸಿಳ್ಳೆಗೆ ಅಳು ಉಕ್ಕಿ ಬಂತು. ಆಗ ಕೋಟುಗಳ ಹಿಂದಿನಿಂದ ಅಪ್ಪ ತಾನಾಗಿಯೇ ಹೊರಬಂದ. ಕಿವಿ ಕೆಂಪಗಾಗಿತ್ತು.

“ಬಟ್ಟೆ ಒಗೀ ಹೋಗು ಅಂತ ಕೂಗಿದ್ದು ನಾನು ಮೇಡಂ. ತಪ್ಪಾಯ್ತು.”

“ಆ ಗಂಟಲು ಸೋಮವಾರ ‘ಬೆಕ್ಕು’ ಅಂದಾಗಲೇ ಗೊತ್ತಾಯ್ತು ಸಾರ್,” ಎಂದರು ಮೇಡಂ. “ನೀವು ಹೇಳಿದ್ರಿ ಅಂತ ಒಗೆದು ನೋಡಿದೆ. ನನಗೆ ಬರಲಿಲ್ಲ. ಅದಕ್ಕೇ ಇಲ್ಲಿಗೆ ತಂದೆ.”

ಅಜ್ಜಿ ಮೊದಲು ನಕ್ಕಳು. ಆಮೇಲೆ ಮೇಡಂ ನಕ್ಕರು. ಅಪ್ಪ ನಗಬೇಕೋ ಬೇಡವೋ ತಿಳಿಯದೆ ಶರ್ಟಿಗೆ ಇನ್ನೊಂದು ಸಲ ಇಸ್ತ್ರಿ ಹಾಕಿಕೊಟ್ಟ.

ಆ ಗೋಲ್ ಇಲ್ಲದೆಯೂ ಕೆಂಪು ಟೀಮ್ ಫೈನಲ್ ಸೇರಿತ್ತು; ಭಾನುವಾರ ಮೈದಾನ ತುಂಬಿ ತುಳುಕುತ್ತಿತ್ತು. ಮೇಡಂ ಇವರ ಮುಂದಿನ ಗೆರೆಯಲ್ಲೇ ಓಡಾಡುತ್ತಿದ್ದರು. ಕೆಂಪು ಟೀಮ್ ಗೋಲ್ ಹೊಡೆಯಿತು. ಜನ ಎದ್ದು ನಿಂತರು. ಬಾವುಟವೂ ಎದ್ದಿತು.

“ಮತ್ತೆ ಇವಳೇ!” ಎಂದು ಬೇಕರಿ ಮಾಮ ಕೈಯಲ್ಲಿದ್ದ ಐಸ್‌ಕ್ಯಾಂಡಿ ಎತ್ತಿದ.

ಸಿಳ್ಳೆ ಆ ಕೈಗೆ ಜೋತುಬಿದ್ದಳು. “ಬೇಡ ಮಾಮ! ಅದು ದ್ರಾಕ್ಷಿದು! ವಾರ ತಿಕ್ಕಬೇಕಾಗುತ್ತೆ!”

ಎಳೆದಾಟದಲ್ಲಿ ಕ್ಯಾಂಡಿ ಜಾರಿ ಮಾಮನ ಬಿಳಿ ಪ್ಯಾಂಟಿನ ಮೇಲೆಯೇ ಬಿತ್ತು. ಅಪ್ಪ ಬೆಂಚು ಹತ್ತಿದ್ದ. ಈಗ ಏನು ಕೂಗುತ್ತಾನೋ ಎಂದು ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅಪ್ಪ ಪ್ಯಾಂಟು ನೋಡಿದವನೇ ಗಂಟಲು ಹರಿಯುವಂತೆ ಕೂಗಿದ: “ತಣ್ಣೀರು! ಬಿಸಿನೀರು ಹಾಕ್ಬೇಡ್ವೋ ಮಾರಾಯಾ!”

ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಹಿಂದಿನ ಸಾಲುಗಳಲ್ಲಿ ಕೂಗು ನಿಂತಿರಲಿಲ್ಲ. ಕಣ್ಣು, ಜಡೆ, ಅಡುಗೆಮನೆ, ಎಲ್ಲವೂ ನಡೆದೇ ಇತ್ತು. ಹಳದಿ ಬೆನ್ನು ಒಂದು ಸಲವೂ ತಿರುಗಲಿಲ್ಲ.

ಸಿಳ್ಳೆ ಮೆಟ್ಟಿಲಿಳಿದು ಬೇಲಿಯ ಹತ್ತಿರ ಹೋದಳು. ಇಷ್ಟು ವರ್ಷ ಅವಳು ಮೇಲೆ ಅಪ್ಪನ ಪಕ್ಕ ಕೂತೇ ಆಫ್‌ಸೈಡ್ ಅಲ್ಲ ಎಂದು ಕೂಗಿದ್ದಳು. ಇಲ್ಲಿಂದ ನೋಡಿದರೆ ಆಟಗಾರರೆಲ್ಲ ಒಬ್ಬರ ಮರೆಯಲ್ಲಿ ಒಬ್ಬರು ನಿಂತಿದ್ದರು. ಯಾರು ಮುಂದೆ, ಯಾರು ಹಿಂದೆ ಎಂದು ಕಣ್ಣು ಕಿರಿದು ಮಾಡಿದರಷ್ಟೇ ತಿಳಿಯುತ್ತಿತ್ತು. ಬಾವುಟ ಎತ್ತುವುದು ಇಷ್ಟು ಕಷ್ಟ ಎಂದು ಮೇಲೆ ಕೂತು ಕೂಗುವಾಗ ಅವಳಿಗೆ ಗೊತ್ತೇ ಇರಲಿಲ್ಲ.

“ಸಿಳ್ಳೇ, ಮೇಲೆ ಬಾರೇ! ಅಲ್ಲಿ ನಿಂತ್ರೆ ಏನಾದ್ರೂ ಬಂದು ಬೀಳುತ್ತೆ!” ಎಂದು ಅಪ್ಪ ಕರೆದ.

ಅವಳು ಹಾಕಿದ್ದು ಹೊಸ ಬಿಳಿ ಫ್ರಾಕು. ಸಿಳ್ಳೆ ಒಂದು ಸಲ ಅದನ್ನು ನೋಡಿಕೊಂಡಳು. ಆಮೇಲೆ ಬೇಲಿಗೆ ಬೆನ್ನು ಕೊಟ್ಟು, ಆ ಹಳದಿ ಬೆನ್ನಿನ ಹಿಂದೆ, ಜನರ ಕಡೆ ಮುಖ ಮಾಡಿ ನಿಂತಳು.